ರಷ್ಯಾದ ಸೋದರಮಾವ

ಮೊಮ್ಮಗಳು ಕಾಲೇಜು ಲೈಬ್ರರಿಯಿಂದ ತಂದ ದಪ್ಪ ರಷ್ಯನ್ ನಾವೆಲನ್ನು ಸೋಫಾದ ಮೇಲೆ ಎಸೆದು, “ಇಂಪಾಸಿಬಲ್ ಅಜ್ಜಿ! ಒಬ್ಬೊಬ್ಬನಿಗೂ ಮೂರ್ಮೂರು ಹೆಸರು” ಎಂದಳು. ಎತ್ತಿಕೊಂಡು ಮೂಸಿದೆ. ಹಳೆಯ ಕಾಗದದ ಆ ಘಮ ನನ್ನನ್ನು ಸೀದಾ ದೊಡ್ಡಮ್ಮನ ಜಗುಲಿಯಲ್ಲಿ ಕೂರಿಸಿತು.

ನಾನು ಹಿಂದೂಪುರದ ಕಾನ್ವೆಂಟಿನಲ್ಲಿದ್ದಾಗ ಸಿಸ್ಟರ್ ಒಬ್ಬರು ಇದೇ ನಾವೆಲನ್ನು ಬೇಸಿಗೆ ರಜಕ್ಕೆ ಕೊಟ್ಟಿದ್ದರು, ಇಂಗ್ಲಿಷ್ ಇಂಪ್ರೂವ್ ಆಗಲಿ ಎಂದು. ದೊಡ್ಡಮ್ಮನ ಊರಾದ ಕಲ್ಯಾಣದುರ್ಗದ ಬಸ್ಸಿನಲ್ಲಿ ಓದುತ್ತಾ, ಒಬ್ಬನೇ ಮನುಷ್ಯನನ್ನು ಮೂರು ಜನವೆಂದು ತಿಳಿದು ಮೂವರನ್ನೂ ದ್ವೇಷಿಸಿದ್ದೆ, ನೋಡಿ!

ದೊಡ್ಡಮ್ಮನ ಮನೆಯಲ್ಲಿ ಆಗ ಬಿತ್ತನೆಗೆ ಕಡಲೆಕಾಯಿ ಸುಲಿಯುವ ಕಾಲ. ಜಗುಲಿ ತುಂಬ ಹೆಂಗಸರು. ಸುಲಿದ ಬೀಜ ಬಾಯಿಗೆ ಹೋಗದಿರಲೆಂದು ದೊಡ್ಡಮ್ಮ ಯಾರಿಂದಲಾದರೂ ಕತೆ ಹೇಳಿಸುತ್ತಿದ್ದಳು; ಬೆರಗಾಗಿ ತೆರೆದ ಬಾಯಿ ಅಗಿಯುವುದಿಲ್ಲವಲ್ಲ. ಆ ಸಲ ಡ್ಯೂಟಿ ನನ್ನದು. ಅವಳ ಮಗಳು ಸರಸಕ್ಕನೂ ಅಲ್ಲೇ ಕೂತು ಸುಲಿಯುತ್ತಿದ್ದಳು. ಲೇಪಾಕ್ಷಿಯ ನಮ್ಮ ಸೋದರಮಾವನಿಗೆ ಅವಳನ್ನು ಕೊಡುವ ಮಾತಾಗಿತ್ತು. ಅವಳಿಗೋ ಟೀಚರ್ ಟ್ರೈನಿಂಗಿನ ಹುಚ್ಚು.

ರಷ್ಯನ್ ಹೆಸರುಗಳಿಗೆ ನಾಲಿಗೆ ಹೊರಳದೆ ನಾನು ಎಲ್ಲರನ್ನೂ ಅಣ್ಣ, ಅತ್ತೆ, ಚಿಕ್ಕಪ್ಪ ಮಾಡಿಬಿಟ್ಟೆ. ನಾಯಕಿಯನ್ನು ಕೇಳಿಕೊಂಡು ಬಂದ ನಡುವಯಸ್ಸಿನ ಜಮೀನ್ದಾರನಿಗೆ ಯಾವ ನೆಂಟಸ್ತಿಕೆಯೂ ಉಳಿಯದೆ, ‘ಸೋದರಮಾವ’ ಎಂದೆ.

“ಸೋದರಮಾವನಾ? ಇನ್ನೇನಮ್ಮ, ಹಕ್ಕಿರೋನು. ಕಟ್ಲಿ ಬುಡು ತಾಳಿ” ಎಂದಳು ಎದುರುಮನೆ ನಾಗಕ್ಕ.

“ಅಂತೇ ಕದಾ!” ಎಂದು ಉಳಿದವರು ತೆಲುಗಿನಲ್ಲಿ ಹೌದೆಂದರು.

“ಅಯ್ಯೋ, ಆ ದೇಶದಲ್ಲಿ ಹಂಗಿಲ್ಲ!” ಎಂದೆ.

“ಮಾವ ಎಲ್ಲಿದ್ರೂ ಮಾವನೇ ಕಣಮ್ಮ.”

ಸರಸಕ್ಕ ತಲೆಯೆತ್ತದೆ, “ಆ ಹುಡ್ಗೀನ ಯಾರಾನ ಒಂದು ಮಾತು ಕೇಳಿದ್ರೇನೇ?” ಎಂದಳು.

“ಅಲ್ಲಿಗಿನ್ನೂ ಬಂದಿಲ್ಲಕ್ಕಾ. ಅರ್ಧ ಪುಸ್ತಕ ಬಾಕಿಯಿದೆ.”

ದೊಡ್ಡಮ್ಮನ ಕೈ ನಿಂತಿತು. “ಪುಸ್ತಕದೋಳು ಅತ್ಲಾಗಿರ್ಲಿ. ನೀನೇನಂತೀಯೇ?” ಎಂದಳು ಮಗಳಿಗೆ.

“ಮಾವನ್ನ ಮಾವ ಅಂತ್ಲೇ ಕರೀತೀನಿ ಬುಡವ್ವ. ನಾನು ಓದಾಕೋಯ್ತೀನಿ.”

ಹೆಂಗಸರೆಲ್ಲ ಸುಲಿಯುವುದು ಬಿಟ್ಟು ದೊಡ್ಡಮ್ಮನತ್ತ ತಿರುಗಿದರು. ಅವಳು ಮುಂದಿನ ಕಾಯಿ ಎತ್ತಿಕೊಂಡು, “ನನ್ನ ತಮ್ಮಂಗೆ ನಾನೇ ಹೇಳ್ಕಂತೀನಿ. ಏನಂಗ್ ನೋಡ್ತೀರಾ, ಸುಲೀರಿ” ಎಂದಳು.

ರಜ ಮುಗಿದು ನಾವೆಲ್ ಅರ್ಧಕ್ಕೇ ಸಿಸ್ಟರ್ ಕೈ ಸೇರಿತು. ಸರಸಕ್ಕ ಟೀಚರಾಗಿ ರಿಟೈರೂ ಆದಳು. ಆ ಕ್ರೆಡಿಟ್ಟೆಲ್ಲ ರಷ್ಯನ್ ಲಿಟರೇಚರಿನದು, ಅದರಲ್ಲಿ ಸ್ವಲ್ಪ ನನ್ನದು ಎಂದು ಇಷ್ಟು ವರ್ಷ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಮೊಮ್ಮಗಳು ಬಿಟ್ಟದ್ದನ್ನು ನಾನು ಹಿಡಿದು, ನಿನ್ನೆ ಅಂತೂ ಮುಗಿಸಿದೆ. ರಷ್ಯಾದ ಹುಡುಗಿ ಮರುಮಾತಾಡದೆ ಆ ಜಮೀನ್ದಾರನನ್ನೇ ಮದುವೆಯಾಗಿಬಿಟ್ಟಳು! ತಡೆಯಲಾರದೆ ಕಲ್ಯಾಣದುರ್ಗಕ್ಕೆ ಫೋನ್ ಮಾಡಿ ಸರಸಕ್ಕನಿಗೆ ಸುದ್ದಿ ಮುಟ್ಟಿಸಿದೆ.

“ಪಾಪ” ಎಂದಳು. “ಅವಳಿಗೆ ನಮ್ಮವ್ವನಂತೋಳು ಇರ್ಲಿಲ್ಲ ಕಣೇ.”