ಸೀರೆಯ ಬಲೆ ಇರುವ ಬೈಕು

ಚಾರ್ಮಾಡಿ ಘಾಟಿಯಲ್ಲಿ ಆ ದಿನ ನಾನು ಬೈಕಿನ ಮೇಲಿದ್ದೆನೋ ಇಲ್ಲವೋ, ಖಂಡಿತವಾಗಿ ಹೇಳಲಾರೆ. ನೆನಪಂತೂ ಉಂಟು. ಮಾವ, ಎಂದರೆ ಅಮ್ಮನ ಅಣ್ಣ, ಬೈಕು ಓಡಿಸುತ್ತಿದ್ದಾರೆ. ಅವರ ಎರಡು ಕೈಗಳ ನಡುವೆ ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು ಕೂತಿದ್ದೇನೆ. ಟ್ಯಾಂಕ್ ಹಸಿರು. ಇಂಜಿನಿನ ಸದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಬಾಲ್ಯದ್ದೆಂದು ನನ್ನಲ್ಲಿ ಉಳಿದಿರುವ ಅತ್ಯಂತ ಸುಖದ ಚಿತ್ರ ಇದು. ಅದು ನನ್ನದೇ ಹೌದೋ ಅಲ್ಲವೋ ಎಂಬುದೇ ಪ್ರಶ್ನೆ.

ಅಮ್ಮನ ಪ್ರಕಾರ ಅಲ್ಲ. "ಟ್ಯಾಂಕಿನ ಮೇಲೆ ಕೂತದ್ದು ನಿನ್ನ ಅಕ್ಕ. ನೀನು ಅಜ್ಜಿಯ ಹತ್ತಿರ ಇದ್ದೆ. ಅಷ್ಟು ಸಣ್ಣ ಮಗುವನ್ನು ಘಾಟಿಗೆ ಯಾರು ಕರ್ಕೊಂಡು ಹೋಗ್ತಾರೆ ಮಾರಾಯ?"

ಮಾವ ಆ ಬೈಕು ಮಾರಿ ಗಲ್ಫಿಗೆ ಹೋದವರು ಅಲ್ಲೇ ಹೋಟೆಲು ನಡೆಸುತ್ತಿದ್ದಾರೆ. ಫೋನು ಮಾಡಿ ಕೇಳಿದೆ. ಹಿಂದೆ ಯಾರು ಕೂತಿದ್ದರು?

"ಹಿಂದೆ ತಿರುಗಿ ನೋಡಿದವ ಘಾಟಿ ಹತ್ತುತ್ತಾನಾ?"

"ಮುಂದೆ?"

"ಮುಂದೆ ಒಂದು ಲಾರಿ ಇತ್ತು. ಹೊಗೆ ಬಿಡ್ತಾ ಇತ್ತು."

ವಿಶ್ವವಿದ್ಯಾನಿಲಯದಲ್ಲಿ ನಾನು ಇತಿಹಾಸ ಓದಿದವ. ಹತ್ತು ಸಲ ಕೇಳಿದ ಕಥೆ ಹನ್ನೊಂದನೆಯ ಸಲ ಕೇಳಿದವನ ಅನುಭವವೇ ಆಗಿಬಿಡುತ್ತದೆ ಎಂದು ಮೂಡುಬಿದಿರೆಯ ಕಾಲೇಜಿನಲ್ಲಿ ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಹಾಗಾಗಿ ಅಮ್ಮನನ್ನು ನಂಬದಿರಲು ನನ್ನಲ್ಲಿ ಕಾರಣ ಇರಲಿಲ್ಲ. ನಂಬಲು ಮನಸ್ಸೂ ಇರಲಿಲ್ಲ.

ಮೂವತ್ತು ದಾಟಿದ ಮೇಲೆ ಮೊದಲ ಬೈಕು ಕೊಳ್ಳಲು ಹೊರಟಾಗ, ಹೀಗಾಗಿ, ಹಳೆಯದೇ ಬೇಕೆಂದು ಹಠ ಹಿಡಿದೆ. ಬಂಟ್ವಾಳದ ಮನೆಗೂ ಮೂಡುಬಿದಿರೆಗೂ ನಡುವೆ ಬಸ್ಸಿಗೆ ಕಾದು ಕಾದು ನನಗೆ ಸಾಕಾಗಿತ್ತು. ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ.

"ಹೊಸದು ತೆಗೊಳ್ಳಿ ಸರ್, ಬಟನ್ ಒತ್ತಿದರೆ ಸ್ಟಾರ್ಟ್," ಎಂದರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಲೆಕ್ಕದ ಮೇಷ್ಟ್ರು. "ನಿಮಗೆ ಬೇಕಾದ್ದು ಬೈಕೋ, ಸಾಕ್ಷಿಯೋ?"

"ಎರಡೂ," ಎಂದೆ.

ಮೊದಲು ಮೆಲ್ಕಾರಿನಲ್ಲಿ ಒಂದನ್ನು ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ಟಾರ್ಟ್ ಮಾಡಿದರೆ ದುಗ್ ದುಗ್ ಎಂದು ದೊಡ್ಡ ಮನುಷ್ಯರ ಹಾಗೆ ಮಾತಾಡಿತು. ನನ್ನ ನೆನಪಿನ ಸದ್ದು ಇದಲ್ಲ. ಒಡೆಯನಿಗೆ ಬೇಸರವಾಗದ ಹಾಗೆ ಚಹಾ ಕುಡಿದು ಬಂದೆ.

ಎರಡನೆಯದು ಮೂಡುಬಿದಿರೆಯಲ್ಲೇ ಸಿಕ್ಕಿತು. ಬಸದಿಯ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯ ಜೈನರ ಮನೆ. ಚಾವಡಿಯ ಪಕ್ಕದ ಮಾಡಿನ ಕೆಳಗೆ, ತೆಂಗಿನಕಾಯಿ ರಾಶಿಯ ಹತ್ತಿರ, ಗೋಣಿ ಹೊದ್ದು ನಿಂತಿತ್ತು. ಟೂ-ಸ್ಟ್ರೋಕ್ ಇಂಜಿನು, ಎರಡು ಬದಿಗೂ ಸೈಲೆನ್ಸರು. ಗೇರಿಗೂ ಕಿಕ್ಕಿಗೂ ಒಂದೇ ಲಿವರು. ನಾನು ಬಗ್ಗಿ ಚಾಸಿಯ ನಂಬರು ನೋಡಿದೆ, ಇಂಜಿನಿನ ನಂಬರು ನೋಡಿದೆ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ, ಮತ್ತೆ ಬಗ್ಗಿದೆ.

"ನೋಡಿ ಮಾಸ್ಟ್ರೇ," ಎಂದರು ಹಿರಿಯರು, "ಸೂರ್ಯ ಮುಳುಗುವ ಮೊದಲು ನನಗೆ ಊಟ ಆಗಬೇಕು. ನಿಮ್ಮ ಸಂಶಯ ಎಷ್ಟುಂಟೋ ಅಷ್ಟನ್ನೂ ಅದರೊಳಗೆ ಮುಗಿಸಿ."

ಬಿಸಿಲು ಅಂಗಳದ ತುಳಸಿಯವರೆಗೆ ಹಿಂದೆ ಸರಿದಿತ್ತು. ಅವರು ಹೇಳಿಕೊಟ್ಟ ಹಾಗೆ ಲಿವರನ್ನು ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ ಒದ್ದೆ. ಕೆಮ್ಮಿತು. ಇನ್ನೊಮ್ಮೆ ಒದ್ದೆ. ಸಾಸಿವೆ ಸಿಡಿಯಿತು! ಒಳಗಿನಿಂದ ಅವರ ಮನೆಯವರು ಊಟಕ್ಕೆ ಕರೆದರು. ಅವರು ಎದ್ದು ನಿಂತು ನನ್ನ ಮುಖ ನೋಡಿದರು. "ತೆಗೊಳ್ತೇನೆ," ಎಂದೆ. ಬದುಕಿನಲ್ಲಿ ಅಷ್ಟು ಬೇಗ ನಾನು ಯಾವ ತೀರ್ಮಾನಕ್ಕೂ ಬಂದದ್ದಿಲ್ಲ. ಅದಕ್ಕಾಗಿ ಇವತ್ತಿನವರೆಗೆ ಪಶ್ಚಾತ್ತಾಪ ಪಟ್ಟದ್ದೂ ಇಲ್ಲ.

ಬೈಕನ್ನು ಬಂಟ್ವಾಳದ ಒಂದು ಗ್ಯಾರೇಜಿಗೆ ತಂದು, ನನಗೆ ಬೇಕಾದ ಹಾಗೆ ಮಾಡಿಸತೊಡಗಿದೆ. ಹಳೆಯ ಹೆಡ್‌ಲೈಟಿನ ಗುಮ್ಮಟದೊಳಗೆ ಹೊಸ ಎಲ್‌ಇಡಿ ದೀಪ. ಬೆನ್ನು ನೆಟ್ಟಗಿಟ್ಟು ಕೂರುವ ಹಾಗೆ ಅಗಲದ ಹ್ಯಾಂಡಲ್. ಉದ್ದ ಸೀಟು ತೆಗೆದು, ಸ್ಪ್ರಿಂಗಿನ ಮೇಲೆ ಕೂತ ಒಂಟಿ ಸೀಟು. ಬಣ್ಣದ ವಿಷಯದಲ್ಲಿ ಮಾತ್ರ ಸಾಕ್ಷಿಗಳು ಕೂಡಿ ಬರಲಿಲ್ಲ. ಮಾವ ಕೆಂಪು ಎಂದರು, ಅಮ್ಮ ಕಪ್ಪು ಎಂದಳು. ಓಡಿಸುವವ ನಾನು, ಆದ್ದರಿಂದ ಹಸಿರು.

"ಇದನ್ನು ತೆಗೆಯುವುದಲ್ವಾ?" ಎಂದು ಮೆಕ್ಯಾನಿಕ್ ಹಿಂದಿನ ಚಕ್ರದ ಎಡಕ್ಕಿದ್ದ ಕಬ್ಬಿಣದ ಬಲೆಯನ್ನು ಸ್ಪ್ಯಾನರಿನಿಂದ ತಟ್ಟಿದ. ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಗದ ಹಾಗೆ ಹಾಕುವ ಸೀರೆ ಗಾರ್ಡ್ ಅದು. "ಎಲ್ಲರೂ ಮೊದಲು ತೆಗೆಸುವುದು ಇದನ್ನೇ. ಲುಕ್ ಹಾಳು ಮಾಡ್ತದೆ."

"ತೆಗೆ," ಎಂದೆ ನಾನೂ.

ಪೇಟೆಯಿಂದ ಮೀನು ಹಿಡಿದುಕೊಂಡು ಬರುತ್ತಿದ್ದ ಅಮ್ಮ ಒಂದು ದಿನ ಗ್ಯಾರೇಜಿಗೆ ಇಣುಕಿದಳು. ಬೈಕಿನ ಸುತ್ತ ಒಮ್ಮೆ ನಡೆದಳು.

"ಇದರಲ್ಲಿ ನಾನು ಎಲ್ಲಿ ಕೂರುವುದು?"

ಅವಳು ಕೂರುತ್ತಾಳೆಂದು ನಾನು ಎಣಿಸಿಯೇ ಇರಲಿಲ್ಲ. "ನೀನು ಕೂರ್ತೀಯಾ?"

"ಮತ್ತೆ? ಅಣ್ಣನ ಬೈಕಿನ ಹಿಂದೆ ನಾನು ಓಡಿಕೊಂಡು ಬರ್ತಿದ್ದೆನಾ? ಬಲೆ ಎಲ್ಲಿ?"

ಮೆಕ್ಯಾನಿಕ್ ನಗು ತಡೆಯಲಾರದೆ ಮೂಲೆಯ ಗುಜರಿ ರಾಶಿಯತ್ತ ಕೈ ತೋರಿಸಿದ. "ಇಲ್ಲೇ ಉಂಟು ಅಮ್ಮಾ. ಬಿಸಾಡಲಿಲ್ಲ."

"ಬಿಸಾಡಿದ್ದರೆ ನಿನ್ನನ್ನೂ ಇವನನ್ನೂ ಒಟ್ಟಿಗೆ ಬಿಸಾಡ್ತಿದ್ದೆ. ಕಾಲಿಡಲಿಕ್ಕೆ ಅಗಲದ ಪಟ್ಟಿಯೂ ಬೇಕು. ನನ್ನ ಕಾಲಿನ ಗಂಟು ಮೊದಲಿನ ಹಾಗೆ ಇಲ್ಲ."

ಒಂಟಿ ಸೀಟು ಮೂಲೆ ಸೇರಿತು, ಉದ್ದ ಸೀಟು ವಾಪಸು ಬಂತು. ಬಲೆಗೂ ಟ್ಯಾಂಕಿನದೇ ಹಸಿರು ಬಣ್ಣ ಕೊಡಿಸಿದೆ. ಫೋನಿನಲ್ಲಿ ಚಂದದ ಬೈಕುಗಳ ಚಿತ್ರ ತುಂಬಿಟ್ಟುಕೊಂಡಿದ್ದೆ, ಅವುಗಳಲ್ಲಿ ಒಂದರ ಹಾಗೂ ಇದು ಕಾಣುತ್ತಿರಲಿಲ್ಲ. ಅವೆಲ್ಲಕ್ಕಿಂತ ಇದೇ ಚಂದ ಎಂದು ನನಗೆ ಸಂಶಯವಿಲ್ಲದೆ ಅನ್ನಿಸಿತು.

ಮಳೆ ಪೂರ್ತಿ ಹೋದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಮ್ಮನಿಗೆ ಹೇಳಿದೆ, "ಚಾರ್ಮಾಡಿಗೆ ಹೋಗುವ." ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಸಾಕ್ಷಿಯ ಬಾಯಿಗೆ ನಾವೇ ಉತ್ತರ ಹಾಕಬಾರದು. ಅವಸರದಲ್ಲಿ ಅವಳು ಚಾರ್ಜಿಗೆ ಇಟ್ಟಿದ್ದ ಫೋನನ್ನು ಅಲ್ಲೇ ಬಿಟ್ಟು ಹೊರಟಳು.

ಗುರುವಾಯನಕೆರೆಯಲ್ಲಿ ಪೆಟ್ರೋಲಿಗೆ ನಿಂತೆವು. ಈ ಇಂಜಿನಿಗೆ ಪೆಟ್ರೋಲಿನೊಟ್ಟಿಗೆ ಎಣ್ಣೆಯೂ ಬೆರೆಯಬೇಕು. ಎಣ್ಣೆ ಕೇಳಿದರೆ ಬಂಕಿನವ, "ಹುಲ್ಲು ಕತ್ತರಿಸುವ ಮೆಷಿನಿಗಾ?" ಎಂದ.

"ಹೌದು," ಎಂದಳು ಅಮ್ಮ ಸೀಟಿನಿಂದ ಇಳಿಯದೆ, "ಮೆಷಿನಿನ ಮೇಲೆಯೇ ಕೂತಿದ್ದೇನೆ."

ಉಜಿರೆ ದಾಟಿ, ಚಾರ್ಮಾಡಿ ಊರು ದಾಟಿ, ಏರು ಶುರುವಾಯಿತು. ಬೈಕು ಒಮ್ಮೆಯೂ ತಡವರಿಸಲಿಲ್ಲ. ಒಂದೊಂದು ತಿರುವಿನಲ್ಲೂ ಗೇರು ಇಳಿಸಿ ಏರಿಸುತ್ತ, ಹತ್ತು ವರ್ಷದಿಂದ ಓಡಿಸಿದವನ ಹಾಗೆ ಹೋದೆ. ಅಮ್ಮ ಎಡಕ್ಕೆ ಎರಡೂ ಕಾಲು ಇಳಿಬಿಟ್ಟು, ಒಂದು ಕೈ ನನ್ನ ಹೆಗಲ ಮೇಲಿಟ್ಟು ಕೂತಿದ್ದಳು. ಒಂದು ತಿರುವು ಕಳೆದದ್ದೇ ಬೆನ್ನಿಗೆ ಪೆಟ್ಟು ಬಿತ್ತು.

"ನಿಲ್ಲಿಸು. ನಿಲ್ಲಿಸು ಮಗಾ."

ತಡೆಗೋಡೆಯ ಪಕ್ಕ ನಿಲ್ಲಿಸಿದೆ. ಅವಳು ಕಣಿವೆಯನ್ನು ನೋಡುತ್ತಿರಲಿಲ್ಲ. ತನ್ನ ಕಾಲ ಬುಡದ ಹಸಿರು ಬಲೆಯನ್ನು ನೋಡುತ್ತಿದ್ದಳು.

"ನೀನು ಇದ್ದೆ," ಎಂದಳು.

"ಎಲ್ಲಿ?"

"ಇಲ್ಲಿ." ಮಡಿಲು ತಟ್ಟಿ ತೋರಿಸಿದಳು. "ಟ್ಯಾಂಕಿನ ಮೇಲೆ ಅಕ್ಕನೇ. ನೀನು ನನ್ನ ಮಡಿಲಲ್ಲಿ. ಕಾಲು ಆಡಿಸಿ ಆಡಿಸಿ ಈ ಬಲೆಗೆ ತಾಗಿ ಒಂದು ಚಪ್ಪಲಿ ಬಿತ್ತು. ನೀನು ಹಾಕಿದ ಬೊಬ್ಬೆ! ಅಣ್ಣ ನಿಲ್ಲಿಸಲೇ ಇಲ್ಲ, ನಿಲ್ಲಿಸಿದರೆ ಬೈಕು ಮತ್ತೆ ಏರುವುದಿಲ್ಲ ಅಂತ."

"ಅಜ್ಜಿಯ ಹತ್ತಿರ ಬಿಟ್ಟದ್ದು?"

"ಅದು ಬೇರೆ ಸಲ ಇರಬೇಕು."

ನನಗೆ ಸಂತೋಷವಾಯಿತು ಎಂದರೆ ಕಡಿಮೆ ಹೇಳಿದ ಹಾಗೆ. ಆದರೆ ಅದರ ಬೆನ್ನಿಗೇ ನನ್ನ ಹಳೆಯ ರೋಗ ಎದ್ದಿತು. ನನಗೆ ಏನು ಬೇಕೆಂದು ಅಮ್ಮನಿಗೆ ಚೆನ್ನಾಗಿ ಗೊತ್ತು. ಬೇಡವೆಂದರೂ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕುವವಳು. ಬೇಕೆಂದು ಹತ್ತು ಸಲ ಕೇಳಿದ ಮಗನಿಗೆ ಒಂದು ನೆನಪನ್ನೂ ಬಡಿಸಲಾರಳೇ?

ಇಳಿದು ಬರುವಾಗ ಚಾರ್ಮಾಡಿ ಊರಿನಲ್ಲಿ ಫೋನಿಗೆ ನೆಟ್‌ವರ್ಕ್ ಬಂತು. ಅಮ್ಮನನ್ನು ಹೋಟೆಲಿನಲ್ಲಿ ಗೋಳಿಬಜೆಯ ಮುಂದೆ ಕೂರಿಸಿ, ಹೊರಗೆ ಬಂದು ಪುಣೆಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವರಿಬ್ಬರೂ ದಿನಾ ಮಾತಾಡುವವರು. ಅಮ್ಮನ ಫೋನು ಮನೆಯಲ್ಲಿ ಚಾರ್ಜಿನಲ್ಲಿರುವಾಗಲೇ ಕೇಳಿಬಿಡಬೇಕು. ಬಲೆಯ ಸುದ್ದಿ ಎತ್ತಲಿಲ್ಲ, ಚಪ್ಪಲಿಯ ಸುದ್ದಿಯನ್ನೂ ಎತ್ತಲಿಲ್ಲ.

"ಸಣ್ಣದಿರುವಾಗ ಮಾವನ ಬೈಕಿನಲ್ಲಿ ಘಾಟಿಗೆ ಹೋದದ್ದು ನೆನಪುಂಟಾ? ಟ್ಯಾಂಕಿನ ಬಣ್ಣ ಯಾವುದು?"

"ನೀಲಿ," ಎಂದಳು ಅಕ್ಕ. ತಡವರಿಸಲೂ ಇಲ್ಲ. ಕೆಂಪು, ಕಪ್ಪು, ಹಸಿರು, ಈಗ ನೀಲಿ. ಬಣ್ಣದ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ.

"ಆ ದಿನದ್ದು ಬೇರೆ ಏನಾದರೂ ನೆನಪುಂಟಾ?"

"ಬೇರೆ ಎಂತ? ಹಿಂದೆ ಅಮ್ಮನ ಮಡಿಲಲ್ಲಿ ನೀನು ದಾರಿಯುದ್ದಕ್ಕೂ ಅತ್ತದ್ದು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಮಾವ ನಿಲ್ಲಿಸಲಿಲ್ಲ."