ಆ ತುದಿಯ ಬೈರಮ್ಮ

ಹೊಳೆನರಸೀಪುರದಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ ನೋಡಿ, ವೈರಿಂಗ್ ಯಾರದ್ದು ಎಂದರೆ ಬೀರಲಿಂಗಯ್ಯನದ್ದು ಅನ್ನುತ್ತಾರೆ. ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು ಬೋರ್ಡಿನ ಮುಂದೆ ನಿಂತ ಅವನನ್ನು ಎಲ್ಲರೂ ನೋಡಿದ್ದಾರೆ. ಆದರೆ ಗೋಡೆಯೊಳಗೆ ವೈರು ಹೋಗಬೇಕಾದರೆ ಇಬ್ಬರು ಬೇಕು. ಈ ತುದಿಯಲ್ಲಿ ಒಬ್ಬರು ತಳ್ಳಬೇಕು, ಆ ತುದಿಯಲ್ಲಿ ಒಬ್ಬರು ಕಾದು ಕೂತು ಹಿಡಿಯಬೇಕು. ಆ ತುದಿಯಲ್ಲಿ ಇದ್ದವಳು ಅವನ ಹೆಂಡತಿ ಬೈರಮ್ಮ. ಅವಳನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ, ಏಕೆಂದರೆ ಅವಳು ಯಾವಾಗಲೂ ಪಕ್ಕದ ಕೋಣೆಯಲ್ಲಿರುತ್ತಿದ್ದಳು.

ತಳ್ಳುವುದಕ್ಕೆ ಒಂದು ಉಕ್ಕಿನ ಪಟ್ಟಿ ಇದೆ. ಅಂಗಡಿಯವರು ಫಿಶ್ ಟೇಪ್ ಎಂದು ಬಿಲ್ಲು ಬರೆಯುತ್ತಾರೆ, ಕೆಲಸದವರು ಸ್ಪ್ರಿಂಗು ಅನ್ನುತ್ತಾರೆ. ಬೆರಳಗಲವೂ ಇಲ್ಲದ ಪಟ್ಟಿ, ತುದಿಯಲ್ಲಿ ಕೊಕ್ಕೆ. ಸುರುಳಿ ಸುತ್ತಿ ಕಟ್ಟಿಟ್ಟರೆ ಸುಮ್ಮನಿರುತ್ತದೆ, ಕಟ್ಟು ಬಿಚ್ಚಿದರೆ ಯಾರ ಮಾತೂ ಕೇಳುವುದಿಲ್ಲ. ಬೋರ್ಡಿನ ಡಬ್ಬಿಯಿಂದ ಪೈಪಿನೊಳಗೆ ತಳ್ಳಿದರೆ ಗೋಡೆ ಹತ್ತಿ, ತಾರಸಿ ಸುತ್ತಿ, ಇನ್ನೊಂದು ಕೋಣೆಯ ಡಬ್ಬಿಯಲ್ಲಿ ಮೂತಿ ತೋರಿಸುತ್ತದೆ. ಅಲ್ಲಿ ಕೂತವರು ಅದನ್ನು ಒಂದು ಮಾರು ಎಳೆದುಕೊಂಡು, ಕೊಕ್ಕೆಗೆ ವೈರು ಕಟ್ಟಿ, ಗಂಟಿಗೆ ಕೊಬ್ಬರಿ ಎಣ್ಣೆ ಸವರಿ ಕೂಗು ಹಾಕಬೇಕು. ಆಮೇಲೆ ಈ ಕಡೆಯವರು ಎಳೆದಂತೆಲ್ಲ ಆ ಕಡೆಯವರು ವೈರು ಬಿಡುತ್ತಾ ಹೋಗಬೇಕು. ಹೇಳಲು ಇಷ್ಟೇ. ಮಾಡುವಾಗ ಗಂಡ ಹೆಂಡಿರ ಸಂಸಾರ ಎಷ್ಟು ಸಲೀಸೋ ಇದೂ ಅಷ್ಟೇ ಸಲೀಸು.

ಬೈರಮ್ಮ ಈ ಕೆಲಸ ಕಲಿಯಲು ಹೊರಟವಳಲ್ಲ. ಹಳೇಕೋಟೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಕೆಲಸ ಮಾಡುವಲ್ಲಿಗೆ ಬುತ್ತಿ ಒಯ್ಯುವುದಷ್ಟೇ ಅವಳ ಪಾಲಿಗಿತ್ತು. ಆ ವರ್ಷ ತೆಂಗಿನಕಾಯಿ ವ್ಯಾಪಾರದ ರಾಮಣ್ಣನವರು ಹೊಳೆ ಕಡೆಯ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿ, ವೈರಿಂಗ್ ಮುಗಿಯುವ ಮೊದಲೇ ಒಕ್ಕಲು ಬಂದಿದ್ದರು. ಅವರ ಒಬ್ಬಳೇ ಮಗಳು ನಾಗಲಕ್ಷ್ಮಿ ತುಂಬು ಬಸುರಿ. ಅಳಿಯ ಮನೆಅಳಿಯ. ಮೂಲೆ ಕೋಣೆಗೆ ವೈರು ಎಳೆಯುವುದು ಬಾಕಿ ಇರುವಾಗಲೇ ಮಗು ಹುಟ್ಟಿಬಿಟ್ಟಿತು. ರಾಮಣ್ಣನವರ ಹೆಂಡತಿ ಸುಬ್ಬಮ್ಮನವರು ಬಾಣಂತಿಯನ್ನು ತಂದು ಮಲಗಿಸಿದ್ದೂ ಅದೇ ಕೋಣೆಯಲ್ಲಿ. ಇಡೀ ಮನೆಯಲ್ಲಿ ಗಾಳಿ ನುಗ್ಗದ ಕೋಣೆ ಅದೊಂದೇ ಎಂದು ಅವರ ವಾದ.

ಬಾಣಂತಿ ಕೋಣೆಗೆ ಹೊರಗಿನ ಗಂಡಸು ಕಾಲಿಡುವಂತಿಲ್ಲ. ಬಾಣಂತಿ ಹೊಸಿಲು ದಾಟುವಂತಿಲ್ಲ. ಪೈಪಿನ ಇನ್ನೊಂದು ತುದಿ ಇರುವುದು ಒಳಗೆ. ಬೀರಲಿಂಗಯ್ಯನ ಜೊತೆಗಾರ ನಡುಮನೆಯಲ್ಲಿ ಕೈಕಟ್ಟಿ ನಿಂತಿದ್ದಾಗ ಬೈರಮ್ಮ ಬುತ್ತಿ ಹಿಡಿದು ಬಂದಳು.

"ನಿನ್ನೆಂಡ್ರನ್ನೇ ಒಳಿಕ್ಕೆ ಕಳ್ಸಪ್ಪ," ಎಂದರು ಸುಬ್ಬಮ್ಮನವರು. "ಕೈಕಾಲ್ ತೊಳ್ಕೊಂಡೋಗ್ಲಿ."

ಬೈರಮ್ಮ ಒಳಗೆ ಹೋಗಿ ಗೋಡೆಯ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕೋಣೆ ತುಂಬ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿಯ ಘಾಟು. ಮಂಚದ ಮೇಲೆ ತಲೆಗೆ ಬಟ್ಟೆ ಬಿಗಿದ ನಾಗಲಕ್ಷ್ಮಿ ನಿದ್ದೆ ಹೋಗಿದ್ದಳು, ಪಕ್ಕದಲ್ಲಿ ಮುಷ್ಟಿ ಕಟ್ಟಿದ ಕೂಸು. ಏನು ಮಾಡಬೇಕೆಂದು ತಿಳಿಯದೆ ಬೈರಮ್ಮ ಡಬ್ಬಿಯನ್ನೇ ನೋಡುತ್ತಿದ್ದಾಗ ಗೋಡೆಯೊಳಗಿಂದ ಗಂಡನ ದನಿ ಬಂತು.

"ಬೈರೂ, ಅಲ್ಲೇ ಇದೀಯಾ?"

ಅವಳ ಎದೆ ಝಲ್ಲೆಂದಿತು. ಮದುವೆಯಾದಾಗಿನಿಂದ ಆ ಗಂಡಸು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ನಾಲ್ಕು ಜನರ ಎದುರು "ಏ" ಅನ್ನುತ್ತಿದ್ದ, ಯಾರೂ ಇಲ್ಲದಾಗ ಅದನ್ನೂ ಅನ್ನುತ್ತಿರಲಿಲ್ಲ. ಈಗ ನೋಡಿದರೆ ಹೆಸರನ್ನು ಅರ್ಧ ಮಾಡಿ, ಅದಕ್ಕೊಂದು ಎಳೆತ ಸೇರಿಸಿ, ಡಬ್ಬಿಗೆ ಬಾಯಿಟ್ಟು ತನಗೊಬ್ಬಳಿಗೇ ಕೇಳುವಂತೆ ಕಳಿಸುತ್ತಿದ್ದಾನೆ. ಅವಳೂ ಡಬ್ಬಿಗೆ ಬಾಯಿಟ್ಟು, "ಇಲ್ಲೇ ಇವ್ನಿ, ತಳ್ಳಿ," ಅಂದಳು. ಪಟ್ಟಿ ಸರಸರ ಬಂದು ಹೊರಗೆ ಚಿಮ್ಮಿತು, ಅವಳು ಸೆರಗಿನಲ್ಲಿ ಅದುಮಿ ಹಿಡಿದಳು. ಸಂಜೆ ಆ ಕೋಣೆಯಲ್ಲಿ ಬಲ್ಬು ಹತ್ತಿದಾಗ ಕೂಸು ಮುಖ ಕಿವುಚಿಕೊಂಡು ಅತ್ತಿತು. ಅದೇ ಕೂಸು ರೂಪಶ್ರೀ.

ಆ ಜೊತೆಗಾರ ಮುಂದೆ ಬೇರೆ ಕೆಲಸ ಹಿಡಿದು ಹೋದ. ಅವನ ಜಾಗಕ್ಕೆ ಬೀರಲಿಂಗಯ್ಯ ಯಾರನ್ನೂ ಹುಡುಕಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣ, ಗೊರೂರಿನ ಕ್ವಾರ್ಟರ್ಸು, ಎಲ್ಲಿ ಕೆಲಸ ಸಿಕ್ಕರೂ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದರು. ಸಾಮಾನಿನ ಚೀಲ ಅವನ ಕಾಲ ಸಂದಿಯಲ್ಲಿ, ಪಟ್ಟಿಯ ಸುರುಳಿ ಅವಳ ಮಡಿಲಲ್ಲಿ. ಒಂದು ಸಲ ಅರಕಲಗೂಡಿನ ಬಸ್ಸಿನಲ್ಲಿ ಸುರುಳಿಯ ಕಟ್ಟು ಬಿಚ್ಚಿಕೊಂಡು, ಕೊಕ್ಕೆ ಹೋಗಿ ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿದ್ದ ಹೂವನ್ನೇ ಕಿತ್ತುಕೊಂಡು ಬಂತು. ಆಕೆ ಬಸ್ಸು ನಿಲ್ಲುವವರೆಗೂ ಬೈದಳು. ಬೀರಲಿಂಗಯ್ಯ ತುಟಿ ಬಿಚ್ಚದೆ ಇಳಿದು, ಸ್ಟ್ಯಾಂಡಿನಲ್ಲಿ ಕನಕಾಂಬರ ಕೊಂಡು ಆಕೆಗೆ ಕೊಟ್ಟ. ಇನ್ನೊಂದು ತುಂಡು ಕೊಂಡು ಸಾಮಾನಿನ ಚೀಲದ ಮೇಲಿಟ್ಟು ಚೀಲವನ್ನು ಬೈರಮ್ಮನ ಕಡೆ ಸರಿಸಿದ. ಅವಳ ಮುಖ ಸಹ ನೋಡಲಿಲ್ಲ. ಮಧ್ಯಾಹ್ನ ಯಾರದ್ದೋ ಅಡುಗೆಮನೆಯಲ್ಲಿ ಅವಳು ಡಬ್ಬಿಯ ಮುಂದೆ ಕೂತಿದ್ದಾಗ ಪೈಪಿನಲ್ಲಿ ಪ್ರಶ್ನೆ ಬಂತು.

"ಬೈರೂ, ಹೂವ ಮುಡ್ಕೊಂಡ್ಯಾ?"

ಹೀಗಿತ್ತು ಅವರ ಬಾಳು. ಮನೆಯಲ್ಲಿ ಹೂಂ, ಉಹೂಂ ಎರಡರಲ್ಲಿ ದಿನ ದೂಡುವ ಮನುಷ್ಯ ಪೈಪಿಗೆ ಬಾಯಿಟ್ಟರೆ ಲೋಕವನ್ನೆಲ್ಲ ಮಾತಾಡುತ್ತಿದ್ದ. ಕಾಲು ನೋಯ್ತದಾ ಅನ್ನುತ್ತಿದ್ದ. ಈ ಮನೆಯವರು ಕಾಫಿ ಕೊಡುವ ಹಾಗೆ ಕಾಣುವುದಿಲ್ಲ ಅನ್ನುತ್ತಿದ್ದ. ಮಗಳು ಸ್ಮಿತಾಳನ್ನು ಮದುವೆ ಮಾಡಿ ಕಳಿಸಿದ ವಾರ, ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ತಳ್ಳುವುದನ್ನು ನಿಲ್ಲಿಸಿ, "ಮನೆ ಬಿಕೋ ಅಂತದೆ ಕಣೇ," ಅಂದಿದ್ದ. ಆ ಕಡೆ ಅವಳೂ ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದಳು. ಊರಿನ ಗೋಡೆಗಳಲ್ಲಿ ಕರೆಂಟು ಎಷ್ಟು ಹರಿದಿದೆಯೋ ಅವರ ಸಂಸಾರವೂ ಅಷ್ಟೇ ಹರಿದಿದೆ ಅಂದರೆ ಸುಳ್ಳಲ್ಲ.

ಆಮೇಲೆ ಬೈರಮ್ಮನ ಕಿವಿ ಮಂದವಾಗತೊಡಗಿತು. ಎದುರು ನಿಂತು ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳುವ ಸ್ಥಿತಿ ಬಂತು. ಹಾಸನದ ಡಾಕ್ಟರು ಕೊಟ್ಟ ಕಿವಿ ಮಿಷನ್ನಿನಲ್ಲಿ ಗಂಡನ ಮಾತಿಗಿಂತ ಪಕ್ಕದ ಮನೆಯ ಮಿಕ್ಸಿಯೇ ಜೋರಾಗಿ ಕೇಳುತ್ತಿತ್ತು, ಅದನ್ನು ಬೀರುವಿನಲ್ಲಿಟ್ಟಳು. ಆದರೂ ಕೆಲಸಕ್ಕೆ ಹೋಗುತ್ತಿದ್ದಳು, ಕೇಳಿದವಳಂತೆ ನಟಿಸುತ್ತಿದ್ದಳು. ಒಂದು ದಿನ ಕೊಕ್ಕೆ ಕಂಡ ಕೂಡಲೇ ರೂಢಿಯಂತೆ ಒಂದು ಮಾರು ಎಳೆದಳು. ಆ ಕಡೆ ಸುರುಳಿಯಲ್ಲಿ ಗಂಡನ ಬೆರಳು ಸಿಕ್ಕಿಕೊಂಡಿತ್ತು. "ನಿಲ್ಸು, ನಿಲ್ಸು" ಎಂದು ಅವನು ಕೂಗಿದ್ದು ಬೀದಿಗೆ ಕೇಳಿತು, ಅವಳಿಗೆ ಕೇಳಲಿಲ್ಲ. ಬೆರಳಿಗೆ ಹೊಲಿಗೆ ಬಿತ್ತು.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ. ಗಾಯ ಮಾಗಿದ ಮೇಲೆ ತನ್ನ ವಾರಗೆಯವನೇ ಆದ ಅನಿಲ್‌ಕುಮಾರನನ್ನು ಜೊತೆಗೆ ಕರೆದುಕೊಂಡು ಹೋದ. ಅವರಿಬ್ಬರೂ ಮೊಬೈಲಿನಲ್ಲಿ ಮಾತಾಡಿಕೊಂಡು ವೈರು ಎಳೆಯುತ್ತಾರಂತೆ, ಅದೂ "ಬಂತಾ", "ಬಂತು" ಎರಡೇ ಮಾತು. ಗಟ್ಟಿಯಾಗಿ ಮಾತಾಡುವುದು ಬೀರಲಿಂಗಯ್ಯನ ಜಾಯಮಾನವಲ್ಲ, ಹಾಗಾಗಿ ಮನೆಯಲ್ಲಿ ಕೈಸನ್ನೆಯೇ ಗತಿಯಾಯಿತು. ಊಟಕ್ಕೆ ಒಂದು ಸನ್ನೆ, ನೀರಿಗೆ ಒಂದು ಸನ್ನೆ. ಬೈರಮ್ಮನಿಗೆ ಕಿವಿ ಹೋದದ್ದಕ್ಕಿಂತ ಆ ಪೈಪಿನ ದನಿ ಹೋದದ್ದೇ ದೊಡ್ಡ ಸಂಕಟ. ಇನ್ನೊಮ್ಮೆ ಆ ತುದಿಯಲ್ಲಿ ಕೂರಬೇಕೆಂಬ ಆಸೆ, ಕೂತರೆ ಇನ್ನೊಂದು ಬೆರಳಿಗೂ ಪೆಟ್ಟಾದೀತೆಂಬ ಹೆದರಿಕೆ. ಎರಡನ್ನೂ ಯಾರಿಗೂ ಹೇಳಲಾರದೆ ನುಂಗಿಕೊಂಡಿದ್ದಳು.

ಹೋದ ತಿಂಗಳು ಒಂದು ಬೆಳಿಗ್ಗೆ ಬೀರಲಿಂಗಯ್ಯ ಅವಳ ಮುಂದೆ ಬಂದು ನಿಂತು, ಎರಡು ಕೈ ಮಡಚಿ ಮಗು ತೂಗಿದಂತೆ ಮಾಡಿದ. ಆಮೇಲೆ ಪಟ್ಟಿಯ ಸುರುಳಿ ತೋರಿಸಿದ. ಆಮೇಲೆ ಅವಳನ್ನು ತೋರಿಸಿದ. ಅವಳಿಗೆ ಅರ್ಥವಾಗಿಹೋಯಿತು. ರೂಪಶ್ರೀ ತವರಿಗೆ ಬಂದು ಹೆತ್ತಿದ್ದಾಳೆ, ಅದೇ ಮನೆ, ಅದೇ ಮೂಲೆ ಕೋಣೆ. ಇಷ್ಟು ವರ್ಷ ಸಾಮಾನು ತುಂಬಿದ್ದ ಆ ಕೋಣೆಗೆ ಯುಪಿಎಸ್ ಲೈನು ಇಲ್ಲ, ಕರೆಂಟು ಹೋದರೆ ಬಾಣಂತಿ ಕತ್ತಲಲ್ಲಿ ಮಗುವಿಗೆ ಹಾಲು ಕೊಡಬೇಕು. ಉತ್ತರವಾಗಿ ಬೈರಮ್ಮ ಅವನ ಹೊಲಿಗೆಯ ಬೆರಳನ್ನು ಹಿಡಿದು ತೋರಿಸಿದಳು. ಅವನು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಗಾಡಿ ತೆಗೆಯಲು ಹೊರಗೆ ಹೋದ.

ಸುಬ್ಬಮ್ಮನವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ತನ್ನ ಬಾಣಂತನದಲ್ಲಿ ಅಮ್ಮನ ಕಟ್ಟುಕಟ್ಟಳೆಗೆ ಮುಖ ಸಿಂಡರಿಸುತ್ತಿದ್ದ ನಾಗಲಕ್ಷ್ಮಿ ಈಗ ಅಮ್ಮನನ್ನೂ ಮೀರಿಸಿದ್ದಳು.

"ಅನಿಲಣ್ಣನೇ ಬರ್ಲಿ ಬಿಡಮ್ಮ, ಐದ್ ನಿಮಿಷದ ಕೆಲ್ಸ," ಎಂದಳು ಒಳಗಿನಿಂದ ರೂಪಶ್ರೀ.

"ನಿಮ್ಮಜ್ಜಿ ಇದ್ದಿದ್ರೆ ಗೊತ್ತಾಗ್ತಿತ್ತು ನಿಂಗೆ," ಎಂದು ನಾಗಲಕ್ಷ್ಮಿ ಜೊತೆಗೆ ಬಂದಿದ್ದ ಅನಿಲ್‌ಕುಮಾರನನ್ನು ಜಗುಲಿಯಲ್ಲೇ ಕೂರಿಸಿ ಕಾಫಿ ಕೊಟ್ಟಳು. ಬೈರಮ್ಮನ ಕಿವಿಯ ಹತ್ತಿರ ಬಾಗಿ, "ಕೈಕಾಲ್ ತೊಳ್ಕೊಂಡೋಗು ಬೈರಕ್ಕ," ಎಂದಳು.

ಒಳಗೆ ಹೋಗುವ ಮೊದಲು ಬೀರಲಿಂಗಯ್ಯ ಅವಳ ಕೈಗೆ ಪಟ್ಟಿಯ ತುದಿ ಕೊಟ್ಟು, ತಾನು ಇನ್ನೊಂದು ಕಡೆ ಹಿಡಿದು ಒಮ್ಮೆ ಜಗ್ಗಿ, ಎಳಿ ಎಂದು ಸನ್ನೆ ಮಾಡಿದ. ಎರಡು ಸಲ ಜಗ್ಗಿ, ನಿಲ್ಲಿಸು ಎಂದು ಸನ್ನೆ ಮಾಡಿದ. ಅವಳು ತಲೆಯಾಡಿಸಿದಳು. ಅವನ ಹೊಲಿಗೆಯ ಬೆರಳನ್ನು ಇನ್ನೊಮ್ಮೆ ನೋಡಿ ಒಳಗೆ ಹೋದಳು.

ಅದೇ ಸಾಂಬ್ರಾಣಿ, ಅದೇ ಬೆಳ್ಳುಳ್ಳಿ. ಮಂಚದ ಮೇಲೆ ಅಂದಿನ ಕೂಸು, ಅದರ ಮಗ್ಗುಲಲ್ಲಿ ಇಂದಿನ ಕೂಸು. ಬೈರಮ್ಮ ಡಬ್ಬಿಯ ಮುಂದೆ ಕೂತು ಕಿವಿ ಕೊಟ್ಟಳು. ಏನೂ ಇಲ್ಲ. ಪಟ್ಟಿ ತಿರುವಿನಲ್ಲಿ ಸಿಕ್ಕಿಕೊಂಡಿತೋ, ಅವನು ತಳ್ಳುತ್ತಿದ್ದಾನೋ ಇಲ್ಲವೋ, ತಾನು ಕೂಗಬೇಕೋ ಬೇಡವೋ, ಒಂದೂ ತಿಳಿಯಲಿಲ್ಲ. ಇದು ಇನ್ನು ತನ್ನಿಂದಾಗದ ಕೆಲಸ ಎಂದುಕೊಂಡು ಏಳಲು ನೆಲಕ್ಕೆ ಕೈಯೂರಿದಳು.

ಅಷ್ಟರಲ್ಲಿ ರೂಪಶ್ರೀ ಮಂಚದಿಂದ ಬಾಗಿ ಅವಳ ತೋಳು ಮುಟ್ಟಿದಳು. "ಅತ್ತೆ, ಪೈಪಲ್ಲಿ ಏನೋ ಕೇಳ್ತಿದಾರೆ," ಎಂದು ಗಟ್ಟಿಯಾಗಿ ಹೇಳಿ, ಕಿವಿಗೊಟ್ಟು ಕೇಳಿಸಿಕೊಂಡು, ನಗು ತಡೆಯಲಾರದೆ ಒಪ್ಪಿಸಿದಳು. "ಬೈರೂ, ಅಲ್ಲೇ ಇದೀಯಾ, ಅಂತಿದಾರೆ."

ಬೈರಮ್ಮನ ಮುಖ ಬಿಸಿಯಾಯಿತು. ಆ ಹೆಸರು ಇನ್ನೊಬ್ಬರ ಬಾಯಲ್ಲಿ ಬಂದದ್ದು ಅದೇ ಮೊದಲು. ರೂಪಶ್ರೀ ಮತ್ತೆ ಡಬ್ಬಿಯ ಕಡೆ ಬಾಗಿದಳು, ಈ ಸಲ ಅವಳ ನಗು ತಾನಾಗಿ ನಿಂತಿತು. ಕೇಳಿದ್ದನ್ನು ಕೇಳಿದಂತೆಯೇ ಮೆಲ್ಲಗೆ ಬಿಡಿಸಿ ಬಿಡಿಸಿ ಹೇಳಿದಳು.

"ನಿಂಗೆ ಕೇಳಾಕಿಲ್ಲ ಅಂತ ಗೊತ್ತು, ಆದ್ರೂ ಅಂತೀನಿ, ಅಂತಿದಾರೆ. ಅನಿಲ ಕುಂತ್ರೆ ಗ್ವಾಡೆ ಬರೀ ಗ್ವಾಡೆ ಕಣೇ, ಅಂತಿದಾರೆ."

ಬೈರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಡಬ್ಬಿಗೆ ಬಾಯಿಟ್ಟು, ತನ್ನ ದನಿ ತನಗೇ ಕೇಳದೆ ಹೋದರೂ ಅಂದಳು.

"ಇಲ್ಲೇ ಇವ್ನಿ, ತಳ್ಳಿ."

ಗೋಡೆಗೆ ಊರಿದ್ದ ಅವಳ ಅಂಗೈಗೆ ಒಳಗಿನ ಕೆರೆತ ತಾಕಿತು, ತಿರುವು ದಾಟಿ ಕೊಕ್ಕೆ ಮೂತಿ ತೋರಿಸಿತು. ಅವಳು ಹಿಡಿದುಕೊಂಡಳು, ಎಳೆಯಲಿಲ್ಲ. ಒಮ್ಮೆ ಜಗ್ಗಿದ್ದು ಕೈಗೆ ತಿಳಿದ ಮೇಲೆಯೇ ಒಂದು ಮಾರು ಎಳೆದು, ವೈರು ಕಟ್ಟಿ, ಎಣ್ಣೆ ಸವರಿದಳು. ಮಧ್ಯಾಹ್ನದ ಹೊತ್ತಿಗೆ ಬಲ್ಬು ಹತ್ತಿತು. ರೂಪಶ್ರೀಯ ಮಗು ಕಣ್ಣೇ ಬಿಡಲಿಲ್ಲ.

ಹೊರಗೆ ಬಂದಾಗ ಬೀರಲಿಂಗಯ್ಯ ಗಾಡಿಯ ಹತ್ತಿರ ನಿಂತಿದ್ದ. ಸುರುಳಿಯನ್ನು ಎಂದಿನಂತೆ ಮುಂದೆ ಕಟ್ಟದೆ ಅವಳ ಕೈಗೆ ಕೊಟ್ಟ. ಸನ್ನೆ ಮಾಡಲು ಕೈ ಎತ್ತಿದವನು ಯಾಕೋ ಕೈ ಇಳಿಸಿದ. ಜಗುಲಿಯಲ್ಲಿ ನಾಗಲಕ್ಷ್ಮಿ ಇದ್ದಳು, ಅನಿಲ್‌ಕುಮಾರ್ ಇದ್ದ, ರಸ್ತೆಯಲ್ಲಿ ಸೊಪ್ಪು ಮಾರುವವಳು ಗಿರಾಕಿಗಳ ಜೊತೆ ಚೌಕಾಸಿಯಲ್ಲಿದ್ದಳು. ಬೀರಲಿಂಗಯ್ಯ ಹೆಂಡತಿಯ ಎದುರು ನಿಂತು, ಇಡೀ ಬೀದಿ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.

"ಬೈರೂ, ನಾಳಿಕೆ ಚನ್ರಾಯ್‌ಪಟ್ಣಕ್ಕೋಗ್ಬೇಕು. ಬತ್ತೀಯಾ?"

ಸೊಪ್ಪಿನವಳ ಚೌಕಾಸಿ ನಿಂತಿತು. ಬೈರಮ್ಮನಿಗೆ ಮೊದಲ ಸಲಕ್ಕೇ ಚೆನ್ನಾಗಿ ಕೇಳಿಸಿತ್ತು. ಆದರೂ ಕಿವಿಗೆ ಕೈ ಅಡ್ಡ ಹಿಡಿದು, "ಏನಂದ್ರಿ?" ಅಂದಳು.