ಏಳನೇ ಮನೆಯ ಹಿಟ್ಟು

“ಇದು ಎಷ್ಟನೇ ಮನೀರೀ?” ಎಂದು ಬಾಗಿಲಲ್ಲಿ ನಿಂತ ಹೆಣ್ಣುಮಗಳು ಕೇಳಿದಾಗ ನಾನು ಆಗಲೇ ಜೋಳಿಗೆ ಒಡ್ಡಿದ್ದೆ.

“ಏಳನೇದು, ತಾಯಿ,” ಎಂದೆ.

ಕಮಲಾಪುರದ ನನ್ನ ಅತ್ತೆಯ ಮನೆಯಲ್ಲಿ ನನ್ನ ಮಗಳಿಗೆ ಸಿಡುಬು ಎದ್ದಿತ್ತು. ಹೆತ್ತವರಲ್ಲೊಬ್ಬರು ಬರಿಗಾಲಲ್ಲಿ ಹೋಗಿ ಏಳು ಮನೆಯ ಜೋಳದ ಹಿಟ್ಟು ಬೇಡಿ ತರಬೇಕು, ಅದರಿಂದ ಸಿಡುಬಿನ ದೇವಿ ಅಮ್ಮನಿಗೆ ಎಡೆ ಮಾಡಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಮಗು ತೀರಿಹೋದ ಮನೆಯ ಹಿಟ್ಟು ಮಾತ್ರ ಆಗದು ಎಂದೂ ಹೇಳಿದ್ದರು. ಕಲಬುರಗಿಯ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಐದು ಮನೆ ಸಾಲದೇ ಎಂದು ಗೊಣಗುತ್ತಲೇ ಹೊರಟವನು ಆರನೆಯದು ಮುಗಿಯುವಷ್ಟರಲ್ಲಿ ಓಡುತ್ತಿದ್ದೆ. ಒಂದೇ ಮನೆಯನ್ನು ಎರಡು ಸಲ ಎಣಿಸಿಬಿಟ್ಟೆನೇನೋ ಎಂಬ ಹೆದರಿಕೆ ಬೇರೆ.

ಆಕೆ ಒಳಗಿಂದ ಮೊರದ ತುಂಬ ಹಿಟ್ಟು ತಂದು ಜೋಳಿಗೆಗೆ ಸುರಿದಳು.

“ಹೋದ ಅಮಾಸಿಗೆ ನನ್ನ ಮಗನಿಗೂ ಅಮ್ಮ ಬಂದಿದ್ಳರೀ ಅಣ್ಣಾ. ನಾ ಆರು ಮನಿ ತಿರುಗಿದ್ದೆ. ಅಷ್ಟರಾಗ ಮನಿಯಿಂದ ಕರೀಲಾಕ ಬಂದ್ರು. ನೀವು ಲಗೂ ಹೋಗ್ರಿ.”

ಮಗು ಹೋದ ಮನೆಯದೆಂದು ತಿಳಿದರೂ ಹಿಟ್ಟು ಹಿಂದಿರುಗಿಸಲು ಕೈ ಬರಲಿಲ್ಲ. ಇನ್ನೊಂದು ಮನೆಯ ಬಾಗಿಲಿಗೂ ಹೋಗಲಿಲ್ಲ. ಆ ಹಿಟ್ಟಿನಿಂದಲೇ ಎಡೆ ಆಯಿತು.

ಮಗಳು ಉಳಿದಳು. ಅತ್ತೆ ತೀರಿಕೊಳ್ಳುವವರೆಗೂ ನಾನು ಈ ವಿಷಯ ಬಾಯಿ ಬಿಡಲಿಲ್ಲ. ಇಂದಿಗೂ ಕಚೇರಿಯಲ್ಲಿ ಕಾಗದ ಎಣಿಸುವಾಗ ಆರಕ್ಕೆ ಬಂದರೆ ಕೈ ನಿಂತುಬಿಡುತ್ತದೆ, ಯಾರೋ ಬಾಗಿಲಲ್ಲಿ ನನ್ನನ್ನು ಕರೆಯಲು ಬಂದಂತೆ.